ತುಮಕೂರಿನವರ ನೈಟ್ ಔಟ್: ಬೆಂಗಳೂರಿನ ಕ್ಲಬ್ಬಾ, ಮೆಟ್ರೊ ಪಕ್ಕದ ಪಬ್ಬಾ, ಊರಲ್ಲೇನಾ, ತೋಟದಲ್ಲಾ?

ಶುಕ್ರವಾರ ಸಂಜೆಯಾದರೆ ಸಾಕು, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪಂಚಾಯಿತಿ ಶುರು. ಒಬ್ಬನಿಗೆ ಇಂದಿರಾನಗರವೇ ಬೇಕು. ಇನ್ನೊಬ್ಬ "ಅಷ್ಟು ದೂರ ಯಾಕೆ, ಬಿ.ಎಚ್. ರಸ್ತೆಯಲ್ಲೇ ಎಲ್ಲಾದ್ರೂ ಕೂರೋಣ" ಅಂತಾನೆ. ಮತ್ತೊಬ್ಬನ ಮಾವನ ತೋಟ ಯಾವಾಗಲೂ ಖಾಲಿ ಇರುತ್ತದೆ. ಒಂಬತ್ತೂವರೆಯಾದರೂ ಯಾರೂ ಮನೆ ಬಿಟ್ಟಿರುವುದಿಲ್ಲ.

"ತುಮಕೂರಿನಿಂದ ನೈಟ್ ಔಟ್ ಅಂದ್ರೆ ಎಲ್ಲಿಗೆ ಹೋಗೋದು ಅಣ್ಣಾ?" ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಮೊದಲ ಸಲ ಕ್ಲಬ್ ನೋಡಬೇಕು ಅನ್ನುವ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಆಫೀಸಿನ ಹೆಣ್ಣುಮಕ್ಕಳ ಗುಂಪು, ಬ್ಯಾಚುಲರ್ ಪಾರ್ಟಿ ಕೊಡಲೇಬೇಕಾದ ಮದುಮಗ. ಇವರಿಗೆಲ್ಲ ಒಂದೇ ಉತ್ತರ ಕೊಡೋಕಾಗಲ್ಲ. ಜಾಗಗಳ ಹೆಸರಿನ ಪಟ್ಟಿ ಕೊಟ್ಟರೂ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಹೋದ ವರ್ಷ ಇದ್ದ ಕ್ಲಬ್ ಈ ವರ್ಷ ಅದೇ ಹೆಸರಿನಲ್ಲಿ ಇರುತ್ತೆ ಅಂತ ಹೇಳೋಕಾಗಲ್ಲ. ಹೇಗೆ ಆರಿಸಬೇಕು ಅನ್ನೋದನ್ನು ಮಾತ್ರ ಹೇಳ್ತೀನಿ.

ಮೊದಲು ಇವನ್ನು ಇತ್ಯರ್ಥ ಮಾಡಿಕೊಳ್ಳಿ

ಎಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ: ವಾಪಸ್ ಹೇಗೆ ಬರ್ತೀರಿ? ಕೋರಮಂಗಲದಲ್ಲೇ ಮನೆ ಇರುವವನಿಗೆ ಕ್ಲಬ್ ಮುಚ್ಚಿದ ಮೇಲೆ ಹದಿನೈದು ನಿಮಿಷದ ದಾರಿ. ನಮಗೆ 70 ಕಿಲೋಮೀಟರ್ ಹೆದ್ದಾರಿ. ಅದೂ ರಾತ್ರಿ ಒಂದೂವರೆಗೆ, ಲಾರಿಗಳ ಮಧ್ಯೆ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಎರಡನೇ ಸಲಕ್ಕೆ 15,000 ಮತ್ತು ಎರಡು ವರ್ಷದವರೆಗೆ. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ತುಂಬಾ ಜನರಿಗೆ ಒಂದೆರಡು ಬಿಯರ್‌ನಲ್ಲೇ ಅದು ದಾಟಿ ಹೋಗುತ್ತದೆ. ಹಾಗಾಗಿ "ನಾನು ಸ್ವಲ್ಪನೇ ಕುಡಿಯೋದು, ನಾನೇ ಓಡಿಸ್ತೀನಿ" ಅನ್ನುವ ಸ್ನೇಹಿತನ ಮಾತಿಗೆ ಬೆಲೆ ಕೊಡಬೇಡಿ.

ಆಮೇಲೆ ಗುಂಪಿನಲ್ಲಿ ಯಾರ್ಯಾರಿದ್ದೀರಿ ನೋಡಿ. ಬರೀ ಹುಡುಗರಾ, ಜೋಡಿಗಳಾ, ಬರೀ ಹುಡುಗಿಯರಾ? ಕ್ಲಬ್ ಬಾಗಿಲಲ್ಲಿ ಇದೇ ನಿಮ್ಮ ದರ ತೀರ್ಮಾನ ಮಾಡುತ್ತದೆ. ಕೆಲವು ಕಡೆ ಒಳಗೆ ಬಿಡೋದು ಬಿಡದಿರೋದೂ ಇದರ ಮೇಲೇ. ಎಲ್ಲರಿಗೂ 21 ತುಂಬಿದೆಯಾ ಅನ್ನೋದನ್ನೂ ಈಗಲೇ ನೋಡಿಕೊಳ್ಳಿ. ನಾಲ್ಕು ಜನರಲ್ಲಿ ಒಬ್ಬನಿಗೆ ಇಪ್ಪತ್ತಾದರೆ ನಾಲ್ಕೂ ಜನ ಹೊರಗೇ.

ಕುಣಿಯೋಕೆ ಹೋಗ್ತಿದ್ದೀರೋ, ಕೂತು ಮಾತಾಡೋಕೋ? ಇದನ್ನು ಯಾರೂ ಕೇಳಿಕೊಳ್ಳೋದೇ ಇಲ್ಲ. ಐದು ವರ್ಷದ ಮೇಲೆ ಸಿಕ್ಕ ಹಳೇ ದೋಸ್ತಿಗಳು ಕ್ಲಬ್‌ಗೆ ಹೋದರೆ ಒಬ್ಬರ ಕಿವಿಗೆ ಇನ್ನೊಬ್ಬರು ಕಿರುಚಿಕೊಂಡು ಗಂಟಲು ಕೆಡಿಸಿಕೊಂಡು ಬರ್ತಾರೆ, ಅಷ್ಟೆ.

ದುಡ್ಡಿನ ಮಾತು ಬಂದರೆ ಬರೀ ಎಂಟ್ರಿ ದರ ನೋಡಬೇಡಿ. ಪೆಟ್ರೋಲು, ಟೋಲು, ಡ್ರೈವರ್ ಬಾಟಾ, ರೂಮು, ಆಟೊ ಎಲ್ಲ ಸೇರಿಸಿ ತಲೆಗೆಷ್ಟು ಅಂತ ನೋಡಿ. ಇನ್ನೊಂದು ವಿಷಯ ಬಾಯಿ ಬಿಟ್ಟು ಹೇಳಲ್ಲ, ಆದರೆ ಎಲ್ಲರ ತಲೆಯಲ್ಲೂ ಇರುತ್ತದೆ: ಯಾರ ಕಣ್ಣಿಗೆ ಬೀಳ್ತೀವಿ? ತುಮಕೂರು ಕಾರ್ಪೊರೇಷನ್ ಆಗಿರಬಹುದು, ಆದರೂ ಬಾರಿನ ಮೆಟ್ಟಿಲು ಇಳಿಯುವಾಗ ಅಪ್ಪನ ಆಫೀಸಿನವರು ಎದುರಾಗುವಷ್ಟು ಚಿಕ್ಕ ಊರೇ ಇದು.

ಬೆಂಗಳೂರಿನ ದೊಡ್ಡ ಕ್ಲಬ್

ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್, ಇಂದಿರಾನಗರ, ಕೋರಮಂಗಲ. ನಿಜವಾದ ನೈಟ್‌ಕ್ಲಬ್ ಬೇಕು ಅಂದರೆ ಇಲ್ಲಿಗೇ ಬರಬೇಕು. ಬೆಂಗಳೂರಿನ ಪಬ್ಬಿನ ಹುಚ್ಚು 1980ರ ದಶಕದಿಂದಲೇ ಇದೆ. ಅಲ್ಲೇ ಬಿಯರ್ ತಯಾರಿಸಿ ಕೊಡುವ ಮೈಕ್ರೋಬ್ರೂವರಿಗಳು ಬಂದದ್ದು ಆಮೇಲೆ, ಇಂದಿರಾನಗರದ ಟಾಯ್ಟ್ ಶುರುವಾಗಿದ್ದು 2010ರಲ್ಲಿ. ಈಗ ಪಾಲಿಕೆ ವ್ಯಾಪ್ತಿಯಲ್ಲಿ ರಾತ್ರಿ ಒಂದು ಗಂಟೆಯವರೆಗೆ ತೆರೆದಿರುತ್ತವೆ.

ಮೊದಲ ಸಲ ಹೋಗುವವರಿಗೆ ಅಲ್ಲಿ ಏನೇನಾಗುತ್ತೆ ಅಂತ ಸ್ವಲ್ಪ ವಿವರವಾಗಿಯೇ ಹೇಳ್ತೀನಿ. ಬಾಗಿಲಲ್ಲಿ ಬೌನ್ಸರ್ ಮೊದಲು ನೋಡೋದು ನಿಮ್ಮ ಮುಖವನ್ನಲ್ಲ, ಕಾಲನ್ನು. ಚಪ್ಪಲಿ, ಚಡ್ಡಿ ಇದ್ದರೆ ಹೊರಗೇ. ಶೂ ಹಾಕಿರಿ, ಪ್ಯಾಂಟ್ ಇರಲಿ, ಅಷ್ಟು ಸಾಕು. ಕೋಟು ಗೀಟು ಬೇಡ, ಒಳಗೆ ಸೆಕೆ. ಆಮೇಲೆ ಗುರುತಿನ ಚೀಟಿ. ಬ್ಯಾಗ್ ತಪಾಸಣೆ. ದುಡ್ಡು ಕಟ್ಟಿದರೆ ಕೈಗೊಂದು ಪಟ್ಟಿ ಕಟ್ಟುತ್ತಾರೆ, ಇಲ್ಲ ಮಣಿಕಟ್ಟಿಗೆ ಮುದ್ರೆ ಒತ್ತುತ್ತಾರೆ. ಸಿಗರೇಟಿಗೆ ಅಂತ ಹೊರಗೆ ಬಂದರೆ ಮತ್ತೆ ಒಳಗೆ ಹೋಗೋಕೆ ಅದೇ ಪಾಸು. ಅಳಿಸಿಕೊಳ್ಳಬೇಡಿ.

ಎಂಟ್ರಿ ದುಡ್ಡನ್ನು ಅಲ್ಲಿ ಕವರ್ ಅಂತಾರೆ. ವಾರಾಂತ್ಯದಲ್ಲಿ ಜೋಡಿಗೆ ಸಾಮಾನ್ಯವಾಗಿ 1,500ರಿಂದ 3,000 ರೂಪಾಯಿ. ಹೆಸರಾಂತ ಡಿಜೆ ಬಂದರೆ ಇನ್ನೂ ಮೇಲೆ. ಇಲ್ಲಿ ಒಂದು ಮುಖ್ಯ ವಿಷಯ ಇದೆ. ಆ ದುಡ್ಡು ಪೂರ್ತಿ ಊಟ, ಡ್ರಿಂಕ್ಸ್‌ಗೆ ವಜಾ ಆಗುತ್ತಾ, ಅರ್ಧ ಮಾತ್ರಾನಾ, ಅಥವಾ ಸುಮ್ನೆ ಒಳಗೆ ಬಿಡೋಕೆ ಅಂತ ತಗೊಳ್ಳೋದಾ? ಮೂರೂ ಥರ ಇದೆ. ಬಾಗಿಲಲ್ಲೇ ಕೇಳಿ. 2,000 ಕವರ್ ಪೂರ್ತಿ ವಜಾ ಆಗುವ ಜಾಗ, 1,000 ಬರೀ ಎಂಟ್ರಿಗೆ ತಗೊಳ್ಳುವ ಜಾಗಕ್ಕಿಂತ ಎಷ್ಟೋ ಸಲ ಅಗ್ಗವಾಗುತ್ತದೆ.

ಬರೀ ಹುಡುಗರ ಗುಂಪಾದರೆ ಅಲ್ಲಿ ನಿಮ್ಮನ್ನು ಸ್ಟ್ಯಾಗ್ ಅಂತಾರೆ. ಕೆಲವು ಕಡೆ ಶುಕ್ರವಾರ, ಶನಿವಾರ ಸ್ಟ್ಯಾಗ್ ಎಂಟ್ರಿಯೇ ಇಲ್ಲ. ಇದ್ದರೂ ತಲೆಗೆ ದರ ಜಾಸ್ತಿ. ಐದು ಜನ ಹುಡುಗರು ತುಮಕೂರಿನಿಂದ ಅಷ್ಟು ದೂರ ಹೋಗಿ ಫುಟ್‌ಪಾತಿನಲ್ಲಿ ನಿಂತು ಪಕ್ಕದ ಕ್ಲಬ್‌ಗೆ ಫೋನ್ ಮಾಡೋದು ದೊಡ್ಡ ಅವಮಾನ. ಮಧ್ಯಾಹ್ನವೇ ಫೋನ್ ಮಾಡಿ, "ಐದು ಜನ, ಎಲ್ಲ ಗಂಡಸರು" ಅಂತ ಬಿಡಿಸಿ ಹೇಳಿ, ಗೆಸ್ಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿಸಿ. ಹುಡುಗಿಯರಿಗೆ ಇದರ ಉಲ್ಟಾ. ವಾರದ ಮಧ್ಯೆ ಬರುವ ಲೇಡೀಸ್ ನೈಟ್‌ಗಳಲ್ಲಿ ಎಂಟ್ರಿ ಉಚಿತ, ಕೆಲವು ಡ್ರಿಂಕ್ಸೂ ಉಚಿತ. ಕ್ಲಬ್ ತುಂಬಿದ ಹಾಗೆ ಕಾಣಲಿ ಅನ್ನೋದಕ್ಕೇ ಅದು ಅನ್ನೋದು ಗೊತ್ತಿರಲಿ. ಗ್ಲಾಸು ಟೇಬಲ್ ಮೇಲೆ ಬಿಟ್ಟು ಕುಣಿಯೋಕೆ ಹೋಗಬೇಡಿ. ವಾಪಸ್ ಬಂದ ಮೇಲೆ ಅದನ್ನು ಮುಟ್ಟಲೂ ಬೇಡಿ, ಹೊಸದು ತಗೊಳ್ಳಿ. ಯಾರಾದರೂ ಕಾಟ ಕೊಟ್ಟರೆ ಬೌನ್ಸರ್‌ಗೆ ಹೇಳಿ, ಕೇಳದಿದ್ದರೆ 112.

ಒಂಬತ್ತಕ್ಕೇ ಹೋದರೆ ಒಳಗೆ ಖಾಲಿ ಖಾಲಿ. ನೀವು, ಡಿಜೆ, ಮಾಪು ಹಿಡಿದ ಹುಡುಗ. ಹತ್ತೂವರೆ ಮೇಲೆ ಜನ ತುಂಬುತ್ತಾರೆ. ಹನ್ನೊಂದೂವರೆಯಿಂದ ಹನ್ನೆರಡೂವರೆ ಒಳಗೆ ಅಸಲಿ ಆಟ. ಬೇಸ್ ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ, ನೆಲ ಚೆಲ್ಲಿದ ಡ್ರಿಂಕ್ಸಿನಿಂದ ಅಂಟಂಟು, ಬಾರ್ ಕೌಂಟರ್ ಮುಂದೆ ಮೂರು ಸಾಲು ಜನ, ಎಲ್ಲರೂ ಕೈ ಎತ್ತಿ ಕಾರ್ಡ್ ತೋರಿಸ್ತಾ ಇರ್ತಾರೆ, ಬಾರ್‌ಟೆಂಡರ್ ಯಾರ ತುಟಿ ಓದುತ್ತಾನೋ ಅವರಿಗೆ ಮೊದಲು. ಆ ಒಂದು ಗಂಟೆಗಾಗಿಯೇ ಜನ ಅಲ್ಲಿಗೆ ಹೋಗೋದು, ಮತ್ತು ನಿಜ ಹೇಳಬೇಕಂದ್ರೆ ಅದು ಬೇರೆ ಎಲ್ಲೂ ಸಿಗಲ್ಲ. ಮುಚ್ಚುವ ಅರ್ಧ ಗಂಟೆ ಮುಂಚೆ ಕೊನೆ ಆರ್ಡರ್ ಕೇಳ್ತಾರೆ. ಒಂದಕ್ಕೆ ಲೈಟ್ ಹಾಕಿಬಿಡ್ತಾರೆ. ಆ ಬೆಳಕಿನಲ್ಲಿ ಯಾರೂ ಚೆನ್ನಾಗಿ ಕಾಣಲ್ಲ.

ಹಾಡಿನ ವಿಷಯಕ್ಕೆ ಬಂದರೆ, ಬಾಲಿವುಡ್ ನೈಟ್, ಟೆಕ್ನೊ, ಹಿಪ್‌ಹಾಪ್, ಈಚೆಗೆ ತೆಲುಗು ನೈಟ್‌ಗಳೂ ಜೋರು. ಕನ್ನಡ ಹಾಡು? ನವೆಂಬರ್‌ನಲ್ಲಿ ಧಾರಾಳ, ಬೇರೆ ತಿಂಗಳು ನಮ್ಮ ಅದೃಷ್ಟ. ಆ ದಿನ ಏನು ಹಾಕ್ತಾರೆ ಅಂತ ಅವರ ಇನ್‌ಸ್ಟಾಗ್ರಾಂ ಪುಟದಲ್ಲಿ ಇರುತ್ತದೆ. ನೋಡದೆ ಹೋಗಿ ಟೆಕ್ನೊ ರಾತ್ರಿಗೆ ಸಿಕ್ಕಿಕೊಂಡರೆ ಮೂರು ಗಂಟೆ ಒಂದೇ ಹಾಡು ಕೇಳಿದ ಹಾಗಾಗುತ್ತೆ. ಇಷ್ಟಪಡುವವರು ಕ್ಷಮಿಸಿ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ತೆಗೆಸಬಹುದು. ಅದು ತೆರಿಗೆ ಅಲ್ಲ, ಗ್ರಾಹಕರು ಕೊಡಲೇಬೇಕು ಅಂತ ಒತ್ತಾಯಿಸುವಂತಿಲ್ಲ ಅಂತ 2022ರಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ಕೇಳೋಕೆ ನಾಚಿಕೆ ಬೇಡ.

ಈಗ ವಾಪಸಾತಿ. ಕ್ಲಬ್ ಮುಚ್ಚುವ ಹೊತ್ತಿಗೆ ಮೆಟ್ರೊ ನಿಂತು ಎಷ್ಟೋ ಹೊತ್ತಾಗಿರುತ್ತದೆ. ಮೆಜೆಸ್ಟಿಕ್‌ನಿಂದ ಶಿವಮೊಗ್ಗ, ದಾವಣಗೆರೆ ಕಡೆಯ ರಾತ್ರಿ ಬಸ್ ಸಿಕ್ಕರೂ ಎಷ್ಟೋ ಬಸ್ಸಿನವರು ತುಮಕೂರು ಟಿಕೆಟ್ ಹತ್ತಿಸಿಕೊಳ್ಳಲ್ಲ, ಹತ್ತಿಸಿಕೊಂಡರೆ ಬೈಪಾಸ್‌ನಲ್ಲಿ ಇಳಿಸ್ತಾರೆ. ಹಾಗಾಗಿ ಎರಡೇ ದಾರಿ. ಒಂದು, ನಮ್ಮ ಕಾರು ಓಡಿಸೋಕೆ ಆ ದಿನದ ಮಟ್ಟಿಗೆ ಬರುವ ಆ್ಯಕ್ಟಿಂಗ್ ಡ್ರೈವರ್ ಕರ್ಕೊಂಡು ಹೋಗೋದು. ಸ್ವಂತ ಕಾರಿದ್ದು ನಾಲ್ಕೈದು ಜನ ಇದ್ದರೆ ಇದೇ ಸರಿ. ಡ್ರೈವರ್‌ಗೆ ಸಾವಿರದಿಂದ ಎರಡು ಸಾವಿರ, ಪೆಟ್ರೋಲಿಗೆ ಸಾವಿರ ಚಿಲ್ಲರೆ, ಮೇಲೆ ಟೋಲು. ತಲೆಗೆ ಸಾವಿರದ ಒಳಗೇ ಮುಗಿಯುತ್ತದೆ. ಆದರೆ ಆ ಡ್ರೈವರೂ ಮನುಷ್ಯನೇ. ಬೆಳಗಿನಿಂದ ಇನ್ನೊಂದು ಬಾಡಿಗೆ ಓಡಿಸಿ ಬಂದವನನ್ನು ಕರೆಯಬೇಡಿ, ಹೊಟ್ಟೆ ತುಂಬ ಊಟ ಹಾಕಿಸಿ, ನೀವು ಒಳಗಿರುವಾಗ ಕಾರಿನಲ್ಲಿ ನಿದ್ದೆ ಮಾಡು ಅಂತ ಹೇಳಿ.

ಎರಡು, ರೂಮ್. ಕ್ಲಬ್‌ಗೆ ಹೋಗುವ ಮುಂಚೆಯೇ ಚೆಕ್‌ಇನ್ ಆಗಿ ಬ್ಯಾಗ್ ಇಟ್ಟು ಹೋಗಿ. ರಾತ್ರಿ ಎರಡು ಗಂಟೆಗೆ ಜೋಲಿ ಹೊಡೀತಾ ರಿಸೆಪ್ಷನ್ ಮುಂದೆ ನಿಂತರೆ ರೂಮ್ ಖಾಲಿ ಇದ್ದರೂ ಇಲ್ಲ ಅಂತಾರೆ. ಕ್ಲಬ್‌ಗೆ ಹತ್ತಿರ ರೂಮ್ ಸ್ವಲ್ಪ ದುಬಾರಿ, ಗಾಂಧಿನಗರದ ಕಡೆ ಅಗ್ಗ, ಆದರೆ ಅಲ್ಲಿಗೆ ಹೋಗೋಕೆ ಆಟೊದವರು ಮೀಟರ್ ಮೇಲೆ ಒಂದೂವರೆ ಪಟ್ಟು ಕೇಳ್ತಾರೆ. ಅದು ನ್ಯಾಯವೇ, ರಾತ್ರಿ ಹತ್ತರ ಮೇಲೆ ಅದೇ ದರ. ಕ್ಲಬ್ ಬಾಗಿಲಲ್ಲೇ ನಿಂತ ಆಟೊ ಮಾತ್ರ ಅದಕ್ಕೂ ಬರಲ್ಲ. ಭಾನುವಾರ ಬೆಳಗ್ಗೆ ಮೆಟ್ರೊ ಶುರುವಾಗೋದು ಏಳಕ್ಕೆ. ಗೊರಗುಂಟೆಪಾಳ್ಯದಲ್ಲಿ ಇಳಿದು ಬಸ್ ಹತ್ತಿದರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಿಸಿ ಇರುವಾಗಲೇ ತಲುಪಬಹುದು.

ಎಲ್ಲ ಸೇರಿ ತಲೆಗೆ ನಾಲ್ಕು ಸಾವಿರದ ಕೆಳಗೆ ಇದು ನೆಮ್ಮದಿಯಾಗಿ ಆಗಲ್ಲ. ಅಷ್ಟು ಇದ್ದರೆ, ಕುಣಿಯೋಕೇ ಹೋಗ್ತಿದ್ದರೆ, ಗುಂಪಿನಲ್ಲಿ ಜೋಡಿಗಳಿದ್ದರೆ ಕಣ್ಣು ಮುಚ್ಚಿ ಹೋಗಿ.

ಮೆಟ್ರೊ ಪಕ್ಕದ ಪಬ್

ತುಮಕೂರಿನವರಿಗೆ ಇದು ಸರಿಯಾಗಿ ಹೊಂದುತ್ತದೆ, ಆದರೂ ಯಾಕೋ ಯಾರ ತಲೆಗೂ ಹೊಳೆಯಲ್ಲ. ಹಸಿರು ಮಾರ್ಗ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ. ಅಂದರೆ ನೆಲಮಂಗಲ ದಾಟಿದ ಸ್ವಲ್ಪ ದೂರಕ್ಕೇ ಮೆಟ್ರೊ. ಯಶವಂತಪುರ, ರಾಜಾಜಿನಗರ, ಮಲ್ಲೇಶ್ವರದ ಕಡೆಯ ಪಬ್ಬು, ಬ್ರೂವರಿಗಳಿಗೆ ಹೋಗೋಕೆ ಇಡೀ ಬೆಂಗಳೂರು ದಾಟಬೇಕಾಗಿಲ್ಲ. ಒರಾಯನ್ ಮಾಲ್ ಆಸುಪಾಸಿಗೆ ಹೋಗುವವರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್‌ನಲ್ಲಿ ಇಳಿದರೆ ಆಯಿತು. ಎಂ.ಜಿ. ರಸ್ತೆಯೇ ಬೇಕು ಅಂದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ. ಕೋರಮಂಗಲಕ್ಕೆ ಮಾತ್ರ ಈ ಲೆಕ್ಕ ಹೊಂದಲ್ಲ.

ಷರತ್ತು ಒಂದೇ: ಬೇಗ ಹೋಗಿ ಬೇಗ ಏಳಬೇಕು. ಮೆಟ್ರೊದ ಕೊನೆ ರೈಲುಗಳು ರಾತ್ರಿ ಹನ್ನೊಂದರ ಆಸುಪಾಸು. ಸಂಜೆ ಐದೂವರೆಗೆ ಕೂತು ಒಂಬತ್ತೂವರೆಗೆ ಎದ್ದರೆ ಗೊರಗುಂಟೆಪಾಳ್ಯದಲ್ಲಿ ತುಮಕೂರು ಬಸ್ ಆರಾಮಾಗಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ಟೂ ಇಲ್ಲ. ಸಂಜೆ ಹೊತ್ತು ಹ್ಯಾಪಿ ಅವರ್ ಇರೋದರಿಂದ ಅದೇ ಬಿಯರ್ ಕಡಿಮೆ ಬೆಲೆಗೆ. ತಲೆಗೆ ಸಾವಿರದಿಂದ ಎರಡು ಸಾವಿರದಲ್ಲಿ ಚೆನ್ನಾಗಿ ತಿಂದು ಕುಡಿದು ಬರಬಹುದು.

ಸಿಗದಿರೋದು ಕುಣಿತ. ಆ ಹೊತ್ತಿಗೆ ಡಿಜೆ ಇನ್ನೂ ವೈರ್ ಜೋಡಿಸ್ತಾ ಇರ್ತಾನೆ. ಮತ್ತೆ ಎಲ್ಲ ಪಬ್‌ನಲ್ಲೂ ಕುಣಿಯೋಕೆ ಬಿಡಲ್ಲ. ಬೆಂಗಳೂರಿನಲ್ಲಿ ಲೈವ್ ಮ್ಯೂಸಿಕ್, ಡಿಸ್ಕೊಥೆಕ್ ಇಡಬೇಕಾದರೆ 2005ರ ಪೊಲೀಸ್ ಆದೇಶದ ಪ್ರಕಾರ ಬೇರೆ ಲೈಸೆನ್ಸ್ ಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಕುರ್ಚಿ ಸರಿಸಿ ಕುಣಿಯೋಕೆ ಹೋದರೆ ವೇಟರ್ ಬಂದು ಕೂರಿಸಿದರೆ ಅವನ ಮೇಲೆ ರೇಗಬೇಡಿ.

ಹಳೇ ಸ್ನೇಹಿತರು, ಮೊದಲ ಸಲ ಹೋಗುವವರು, ಹನ್ನೆರಡರೊಳಗೆ ಮನೆ ಸೇರಬೇಕಾದ ಹುಡುಗಿಯರು, ಇವರಿಗೆಲ್ಲ ನನ್ನ ಓಟು ಇದಕ್ಕೇ.

ಊರಲ್ಲೇ

ನಮ್ಮೂರಿನ ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ ಅಕ್ಕಪಕ್ಕ ಬಾರ್ ಅಂಡ್ ರೆಸ್ಟೋರೆಂಟುಗಳಿಗೆ ಬರವಿಲ್ಲ. ಎಸಿ ಹಾಲ್ ಬೇರೆ, ಫ್ಯಾಮಿಲಿ ಸೆಕ್ಷನ್ ಬೇರೆ, ಕೆಳಗೆ ಸಾಮಾನ್ಯ ಸೆಕ್ಷನ್. ಬೆಲೆ ಬೆಂಗಳೂರಿನ ಪಬ್ಬಿನ ಅರ್ಧಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ 400 ಕೊಟ್ಟು ತಗೊಂಡ ಪಿಂಟ್‌ನ ದುಡ್ಡಿಗೆ ಇಲ್ಲಿ ದೊಡ್ಡ ಬಾಟ್ಲಿ ಬಂದು, ಮೇಲೆ ಒಂದು ಪ್ಲೇಟ್ ಪೆಪ್ಪರ್ ಚಿಕನ್‌ಗೂ ಸಾಕಾದೀತು. ಊಟದ ವಿಷಯದಲ್ಲಂತೂ ಯಾವ ಕ್ಲಬ್ಬೂ ಹತ್ತಿರ ಬರಲ್ಲ. ಕ್ಲಬ್‌ನಲ್ಲಿ 450 ರೂಪಾಯಿಗೆ ಆರು ತುಂಡು ಪನೀರ್ ಕೊಟ್ಟು ಕಳಿಸ್ತಾರೆ. ಇಲ್ಲಿ ಬೋಟಿ ಗೊಜ್ಜು, ಮುದ್ದೆ, ನಾಟಿ ಕೋಳಿ ಸಾರು.

ಆದರೆ ಇದನ್ನು ನೈಟ್‌ಕ್ಲಬ್ ಅಂದುಕೊಂಡು ಹೋದರೆ ನಿರಾಸೆ ಖಂಡಿತ. ಹನ್ನೊಂದು ದಾಟುತ್ತಿದ್ದಂತೆ ಶಟರ್ ಅರ್ಧ ಇಳಿಯುತ್ತದೆ, ಸಪ್ಲೈಯರ್ ಬಂದು ಬಿಲ್ ಇಟ್ಟು ಪಕ್ಕದಲ್ಲೇ ನಿಲ್ಲುತ್ತಾನೆ. ಟಿವಿಯಲ್ಲಿ ಕ್ರಿಕೆಟ್. ಹುಡುಗಿಯರ ಗುಂಪಿಗೆ ಫ್ಯಾಮಿಲಿ ಸೆಕ್ಷನ್ ಇದ್ದರೂ ಮೆಟ್ಟಿಲು ಹತ್ತುವಾಗ ಎಲ್ಲರ ಕಣ್ಣೂ ಅವರ ಮೇಲೇ. ಹೊಸ ವರ್ಷ, ರಾಜ್ಯೋತ್ಸವದ ಹೊತ್ತಿಗೆ ಕೆಲವು ಹೋಟೆಲ್‌ಗಳು ಡಿಜೆ ನೈಟ್ ಇಡುತ್ತವೆ. ಅಲ್ಲಿ ಕನ್ನಡ ಹಾಡಿಗೆ ಬೆಂಗಳೂರಿಗಿಂತ ಜೋರು ಕುಣಿತ. ಟಿಕೆಟ್ ತಗೊಳ್ಳುವ ಮುಂಚೆ ಊಟ ಸೇರಿದೆಯಾ, ಫ್ಯಾಮಿಲಿಗೆ ಬೇರೆ ಜಾಗ ಇದೆಯಾ ಎರಡನ್ನೇ ಕೇಳಿ.

ಬಜೆಟ್ ಸಾವಿರದ ಒಳಗಿದ್ದರೆ, ನಾಳೆ ಬೆಳಗ್ಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಇದ್ದರೆ, ಇಲ್ಲೇ ಕೂತು ಆಟೊದಲ್ಲಿ ಮನೆಗೆ ಹೋಗಿ. ಹೆದ್ದಾರಿಯ ಡಾಬಾಕ್ಕೆ ಬಾಟ್ಲಿ ತಗೊಂಡು ಹೋಗಿ ಕೂರುವ ಅಭ್ಯಾಸ ಇದೆಯಲ್ಲ, ಅದು ಬೇಡ. ಲೈಸೆನ್ಸ್ ಇಲ್ಲದ ಡಾಬಾದಲ್ಲಿ ಕುಡಿಯೋದು ಕಾನೂನುಬಾಹಿರ, ಅಬಕಾರಿಯವರು ಬಂದರೆ ಡಾಬಾದವನ ಜೊತೆ ನೀವೂ. ದೇವರಾಯನದುರ್ಗದ ರಸ್ತೆ ಬದಿ ಕಾರು ನಿಲ್ಲಿಸಿ ಕುಡಿದು ಬಾಟ್ಲಿ ಒಡೆಯೋದನ್ನಂತೂ ನಾನು ಆಯ್ಕೆ ಅಂತಲೇ ಲೆಕ್ಕಕ್ಕೆ ಹಿಡಿದಿಲ್ಲ. ಅದು ಕಾಡು ಕಣ್ರೀ.

ತೋಟ, ಫಾರ್ಮ್‌ಹೌಸ್

ರಾತ್ರಿಯಿಡೀ ಎಚ್ಚರ ಇರೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಗುಬ್ಬಿ ವೀರಣ್ಣನವರ ಸೀಮೆ, ಊರ ಹಬ್ಬದಲ್ಲಿ ಪೌರಾಣಿಕ ನಾಟಕ ಬೆಳಗಿನ ಜಾವದವರೆಗೆ ನಡೆಯುತ್ತದೆ. ತೋಟದಲ್ಲಿ ಪಾರ್ಟಿ ಮಾಡುವವರಿಗೂ ಅದೇ ಸುಖ: ಒಂದು ಗಂಟೆಗೆ ಯಾರೂ ಲೈಟ್ ಹಾಕಿ ಓಡಿಸಲ್ಲ. ಅಲ್ಲೇ ಮಲಗೋದರಿಂದ ಡ್ರೈವಿಂಗ್ ತಲೆನೋವಿಲ್ಲ. ಹಾಡು ನಿಮ್ಮದು, ಅಡುಗೆ ನಿಮ್ಮದು. ಹತ್ತು ಜನರ ಮೇಲಿದ್ದರೆ ತಲೆಗೆ ತುಂಬಾ ಅಗ್ಗ. ಬ್ಯಾಚುಲರ್ ಪಾರ್ಟಿಗೆ, ಅದರಲ್ಲೂ ಬರೀ ಹುಡುಗರಾದರೆ, ಕ್ಲಬ್ ಬಾಗಿಲಲ್ಲಿ ಬೇಡಿಕೊಳ್ಳೋದಕ್ಕಿಂತ ಇದೇ ಮೇಲು.

ನಿಯಮಗಳು ಇಲ್ಲಿಗೂ ಇವೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ದೊಡ್ಡ ಸ್ಪೀಕರ್ ಬಾಡಿಗೆಗೆ ತಂದರೆ ಪಕ್ಕದ ಊರಿನವರು ಪೊಲೀಸರಿಗೆ ಫೋನ್ ಮಾಡ್ತಾರೆ, ಮಾಡಬೇಕಾದ್ದೇ. ರೆಸಾರ್ಟಿನಲ್ಲೋ ಪಾರ್ಟಿ ಹಾಲ್‌ನಲ್ಲೋ ಮದ್ಯ ಹಂಚುವ ಕಾರ್ಯಕ್ರಮವಾದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಲೈಸೆನ್ಸ್ ತಗೊಳ್ಳಬೇಕು. ಜಾಗದವರು ತಗೊಳ್ತಾರಾ, ನೀವು ತಗೊಳ್ಳಬೇಕಾ ಅಂತ ಅಡ್ವಾನ್ಸ್ ಕೊಡುವ ಮುಂಚೆ ಕೇಳಿ.

ನನಗೆ ಭಯ ಇರೋದು ಪೊಲೀಸರದ್ದಲ್ಲ, ಕೃಷಿ ಹೊಂಡದ್ದು. ಈಗ ಎಷ್ಟೋ ತೋಟಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಇದೆ. ಬದಿ ಇಳಿಜಾರು, ಹಾಳೆ ಪಾಚಿ ಹಿಡಿದು ಜಾರುತ್ತದೆ. ಬಿದ್ದವನಿಗೆ ಈಜು ಬಂದರೂ ಹತ್ತಿ ಬರೋಕೆ ಹಿಡಿತ ಸಿಗಲ್ಲ. ಕುಡಿದವನಿಗಂತೂ ಕೇಳಬೇಡಿ. ಬೇಲಿ ಇಲ್ಲದ ಹೊಂಡ ಇರುವ ತೋಟಕ್ಕೆ ರಾತ್ರಿ ಪಾರ್ಟಿ ಬೇಡವೇ ಬೇಡ. ಆಸ್ಪತ್ರೆ ಎಷ್ಟು ದೂರ, ಕುಡಿಯದ ಒಬ್ಬನಾದರೂ ಕಾರಿನ ಕೀ ಇಟ್ಟುಕೊಂಡು ಇರ್ತಾನಾ ಅನ್ನೋದನ್ನೂ ನೋಡಿ. ಚಾಪೆಯನ್ನು ತೆಂಗಿನ ಮರದ ಕೆಳಗೆ ಹಾಸಬೇಡಿ ಅಂತ ತುಮಕೂರಿನವರಿಗೆ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೀನಿ.

ಹೆಣ್ಣುಮಕ್ಕಳಿರುವ ಗುಂಪಾದರೆ ಎಲ್ಲರೂ ಎಲ್ಲರಿಗೂ ಚೆನ್ನಾಗಿ ಪರಿಚಯ ಇದ್ದರೆ ಮಾತ್ರ ತೋಟ. "ನನ್ನ ಫ್ರೆಂಡಿನ ಫ್ರೆಂಡ್ಸ್ ಬರ್ತಾರೆ" ಅಂದ ತಕ್ಷಣ ಪಬ್‌ಗೆ ಬದಲಾಯಿಸಿ.

ಡಿಸೆಂಬರ್ 31ಕ್ಕೆ ಮೇಲಿನ ಲೆಕ್ಕ ಯಾವುದೂ ನಡೆಯಲ್ಲ. ಕವರ್ ಎರಡು ಮೂರು ಪಟ್ಟು, ಸ್ಟ್ಯಾಗ್‌ಗೆ ಬಾಗಿಲು ಬಂದ್, ಫ್ಲೈಓವರ್‌ಗಳನ್ನು ಪೊಲೀಸರು ಮುಚ್ಚುತ್ತಾರೆ. ಮೆಟ್ರೊವನ್ನು ಮಾತ್ರ ಆ ದಿನ ತಡರಾತ್ರಿಯವರೆಗೆ ಓಡಿಸ್ತಾರೆ, ಆದರೆ ಜನಜಂಗುಳಿಗೆ ಹೆದರಿ ಎಂ.ಜಿ. ರಸ್ತೆ ಸ್ಟೇಷನ್ ಮುಚ್ಚಿದ್ದೂ ಇದೆ. ಹಾಗಾದಾಗ ಟ್ರಿನಿಟಿಗೋ ಕಬ್ಬನ್ ಪಾರ್ಕಿಗೋ ನಡೆಯಬೇಕು. ಆ ದಿನ ಬೆಂಗಳೂರಿಗೆ ಹೋಗಲೇಬೇಕು ಅನ್ನುವವರು ರೂಮನ್ನು ನವೆಂಬರ್‌ನಲ್ಲೇ ಹಿಡಿಯಿರಿ. ಉಳಿದವರು ಜನವರಿ ಎರಡನೇ ಶನಿವಾರ ಹೋಗಿ. ಅದೇ ಕ್ಲಬ್ಬು, ಅರ್ಧ ರೇಟು, ಬಾರ್ ಕೌಂಟರ್ ಮುಂದೆ ಕಾಲಿಡೋಕೆ ಜಾಗವೂ ಸಿಗುತ್ತದೆ.